ಮೂಳೆ ಗಟ್ಟಿ ಮಾಡುವ ಔಷಧ ಯಾವಾಗ ಶುರು ಮಾಡಬೇಕು? ಮಲೆನಾಡಿನ ಮನೆಯವರಿಗೆ ಹಂತ ಹಂತದ ಮಾರ್ಗದರ್ಶಿ

ಮಳೆ ಹಿಡಿದ ಮೇಲೆ ನಮ್ಮ ಕಡೆ ಈ ಸುದ್ದಿಗಳು ಒಂದರ ಹಿಂದೆ ಒಂದು ಬರುತ್ತವೆ. ಪಾಚಿ ಕಟ್ಟಿದ ಅಂಗಳದಲ್ಲಿ ಯಾರದೋ ಅಮ್ಮ ಜಾರಿದರು, ಮಣಿಕಟ್ಟು ಮುರಿಯಿತು. ಬಚ್ಚಲಲ್ಲಿ ಯಾರದೋ ಅತ್ತೆ ಬಿದ್ದರು, ಸೊಂಟದ ಮೂಳೆ ಹೋಯಿತು. ಪಟ್ಟಿ ಹಾಕಿಸುತ್ತೇವೆ, ಆಪರೇಷನ್ ಮಾಡಿಸುತ್ತೇವೆ, ಅಂಗಳಕ್ಕೆ ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿಸುತ್ತೇವೆ. ನಿಂತಲ್ಲಿಂದ ಬಿದ್ದಿದ್ದಕ್ಕೇ ಮೂಳೆ ಯಾಕೆ ಮುರಿಯಿತು ಅಂತ ಮಾತ್ರ ಯಾರೂ ಕೇಳುವುದಿಲ್ಲ.

ಔಷಧ ಬರೆಯುವುದು ಡಾಕ್ಟರ ಕೆಲಸ. ಅವರ ಎದುರು ಕೂತಾಗ ಬೇಕಾದ ಮಾಹಿತಿ ಕೈಯಲ್ಲಿ ಇಟ್ಟುಕೊಂಡಿರುವುದು ನಮ್ಮ ಕೆಲಸ. ಈ ಬರಹ ಅದಕ್ಕಾಗಿ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ರಿಪೋರ್ಟಿನಲ್ಲಿರುವ ನಂಬರಿಗಿಂತ ಆಗಲೇ ಮುರಿದಿರುವ ಮೂಳೆಗೆ ಬೆಲೆ ಜಾಸ್ತಿ. ಇನ್ನೊಂದು, ಔಷಧ ಶುರು ಮಾಡುವ ದಿನವೇ "ಇದು ಮುಗಿದ ಮೇಲೆ ಏನು?" ಅಂತಲೂ ಕೇಳಿಕೊಳ್ಳಬೇಕು.

ಹೆಜ್ಜೆ 1: ಮುರಿದ ಮೂಳೆಗಳ ಲೆಕ್ಕ ಹಾಕಿ

ಐವತ್ತು ದಾಟಿದ ಮೇಲೆ ಏನೇನು ಮುರಿದಿದೆ, ಹೇಗೆ ಮುರಿಯಿತು ಅಂತ ಒಂದು ಹಾಳೆಯಲ್ಲಿ ಬರೆಯಿರಿ. "ಹೇಗೆ" ಅನ್ನುವುದು ಮುಖ್ಯ. ಅಡಿಕೆ ಮರದಿಂದ ಬಿದ್ದು ಕಾಲು ಮುರಿದರೆ ಅದು ದೊಡ್ಡ ಪೆಟ್ಟು, ಯಾರ ಮೂಳೆಯಾದರೂ ಮುರಿಯುತ್ತದೆ. ಕೊಟ್ಟಿಗೆ ಹೊಸ್ತಿಲು ಎಡವಿ ಬಿದ್ದು ಸೊಂಟ ಮುರಿದರೆ ಅದು ಮೂಳೆಯ ದೋಷ. ನಿಂತ ಎತ್ತರದಿಂದ ಅಥವಾ ಅದಕ್ಕಿಂತ ಕೆಳಗಿನಿಂದ ಬಿದ್ದು ಮುರಿದದ್ದನ್ನೆಲ್ಲ ಈ ಲೆಕ್ಕಕ್ಕೆ ಸೇರಿಸಿ. ಕೊಡ ಎತ್ತುವಾಗ, ಕೆಮ್ಮುವಾಗ ಬೆನ್ನಲ್ಲಿ ಚಳಕ್ ಅಂದು ವಾರಗಟ್ಟಲೆ ನೋವಿದ್ದರೆ ಅದನ್ನೂ ಬರೆಯಿರಿ.

ಹೀಗೆ ಸಣ್ಣ ಪೆಟ್ಟಿಗೆ ಸೊಂಟ ಅಥವಾ ಬೆನ್ನುಮೂಳೆ ಮುರಿದಿದ್ದರೆ ಔಷಧ ಬೇಕೇ ಬೇಡವೇ ಅನ್ನುವ ಚರ್ಚೆಯೇ ಇಲ್ಲ. ಸ್ಕ್ಯಾನ್ ಏನೇ ಹೇಳಲಿ, ಔಷಧ ಬೇಕು. ಮಣಿಕಟ್ಟು, ತೋಳಿನ ಮೇಲ್ಭಾಗ ಮುರಿದಿದ್ದರೆ ಸ್ಕ್ಯಾನ್ ಜೊತೆ ಸೇರಿಸಿ ನೋಡುತ್ತಾರೆ.

ಬೆನ್ನುಮೂಳೆಯದೇ ತೊಂದರೆ. ಅದು ಬಹಳ ಸಲ ಸದ್ದಿಲ್ಲದೆ ಕುಸಿಯುತ್ತದೆ. ಬೀಳುವುದೂ ಬೇಡ, ನೋವೂ ಬೇಡ. "ವಯಸ್ಸಾಯ್ತಲ್ಲ, ಬೆನ್ನು ಬಾಗಿದೆ" ಅಂತ ನಾವೂ ಸುಮ್ಮನಾಗುತ್ತೇವೆ. ಅದಕ್ಕೆ ಅಮ್ಮನ ಎತ್ತರ ಅಳೆಯಿರಿ. ಹರೆಯದಲ್ಲಿದ್ದ ಎತ್ತರಕ್ಕಿಂತ 4 ಸೆಂಟಿಮೀಟರ್ ಅಥವಾ ಹೆಚ್ಚು ಕುಗ್ಗಿದ್ದರೆ ಬೆನ್ನಿನ ಎಕ್ಸ್‌ರೇ ತೆಗೆಸಬೇಕು. ಹಳೆಯ ಎತ್ತರ ಗೊತ್ತಿಲ್ಲವೇ? ಗೋಡೆಗೆ ಹಿಮ್ಮಡಿ ಮತ್ತು ಬೆನ್ನು ತಾಗಿಸಿ ನಿಲ್ಲಿಸಿ. ತಲೆಯ ಹಿಂಭಾಗ ಗೋಡೆಗೆ ತಾಗದಿದ್ದರೆ, ಪಕ್ಕೆಲುಬು ಸೊಂಟದ ಎಲುಬಿಗೆ ಬಂದು ಕೂತ ಹಾಗಿದ್ದರೆ, ಅದೂ ಸೂಚನೆಯೇ. ಎಕ್ಸ್‌ರೇ ಬರೆಸುವಾಗ "ಪಕ್ಕದಿಂದ, ಎದೆ ಮಟ್ಟದ್ದು ಮತ್ತು ಸೊಂಟದ ಮಟ್ಟದ್ದು ಎರಡೂ" ಅಂತ ಕೇಳಿ. ಎದುರಿನಿಂದ ತೆಗೆದದ್ದರಲ್ಲಿ ಕುಸಿತ ಕಣ್ತಪ್ಪಿ ಹೋಗುತ್ತದೆ.

ಯಾವಾಗ ಮುರಿಯಿತು ಅನ್ನುವುದೂ ಬರೆಯಿರಿ. ಒಂದು ಮೂಳೆ ಮುರಿದ ಮೇಲಿನ ಮೊದಲ ಒಂದೆರಡು ವರ್ಷ ಇನ್ನೊಂದು ಮುರಿಯುವ ಅಪಾಯ ಅತಿ ಹೆಚ್ಚು. ಸೊಂಟಕ್ಕೆ ರಾಡ್ ಹಾಕಿ ಮನೆಗೆ ಕಳಿಸುವಾಗ ಡಿಸ್ಚಾರ್ಜ್ ಚೀಟಿಯಲ್ಲಿ ನೋವಿನ ಮಾತ್ರೆ ಮತ್ತು ಕ್ಯಾಲ್ಸಿಯಂ ಮಾತ್ರ ಇದ್ದರೆ ಅಲ್ಲೇ ನಿಂತು ಕೇಳಿ: "ಡಾಕ್ಟ್ರೇ, ಮೂಳೆ ಗಟ್ಟಿಯಾಗೋಕೆ ಔಷಧ ಯಾವಾಗಿಂದ ಶುರು?" 2007ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಸೊಂಟದ ಆಪರೇಷನ್ ಆಗಿ 90 ದಿನದೊಳಗೆ ಝೊಲೆಡ್ರೊನಿಕ್ ಆ್ಯಸಿಡ್ ಅನ್ನುವ, ಮೂಳೆ ಸವೆಯುವುದನ್ನು ತಡೆಯುವ ಔಷಧದ ಡ್ರಿಪ್ ಕೊಟ್ಟವರಲ್ಲಿ ಹೊಸದಾಗಿ ಮೂಳೆ ಮುರಿಯುವುದು ಶೇ. 35ರಷ್ಟು ಕಡಿಮೆಯಾಯಿತು. ಸಾವು ಕೂಡ ಶೇ. 28ರಷ್ಟು ಇಳಿಯಿತು. ಇಷ್ಟು ಗೊತ್ತಿದ್ದೂ ಮುರಿದ ಮೂಳೆಯನ್ನು ಜೋಡಿಸಿ ಉಳಿದದ್ದನ್ನು ಬಿಟ್ಟುಬಿಡುವುದು ನನಗಂತೂ ಅರ್ಥವಾಗದ ವಿಷಯ.

ಹೆಜ್ಜೆ 2: ಸರಿಯಾದ ಸ್ಕ್ಯಾನ್ ಮಾಡಿಸಿ, ಸರಿಯಾಗಿ ಓದಿ

ಕ್ಯಾಂಪಿನಲ್ಲಿ ಹಿಮ್ಮಡಿಗೆ ಮೆಷಿನ್ ಇಟ್ಟು ಚೀಟಿ ಕೊಡುತ್ತಾರಲ್ಲ, ಅದರ ಮೇಲೆ ಔಷಧ ಶುರು ಮಾಡುವಂತಿಲ್ಲ. ಅದು ಬರೀ ಎಚ್ಚರಿಕೆ ಗಂಟೆ. ನಿರ್ಧಾರಕ್ಕೆ ಬೇಕಾದದ್ದು ಸೊಂಟ ಮತ್ತು ಬೆನ್ನಿನ ಡೆಕ್ಸಾ ಸ್ಕ್ಯಾನ್, ಅಂದರೆ ಮೂಳೆಯ ಸಾಂದ್ರತೆ ಅಳೆಯುವ ಎಕ್ಸ್‌ರೇ. ಎಲ್ಲ ಊರಲ್ಲೂ ಇದು ಸಿಗುವುದಿಲ್ಲ. ಹೊಸನಗರದಿಂದಲೋ ತೀರ್ಥಹಳ್ಳಿಯಿಂದಲೋ ಶಿವಮೊಗ್ಗಕ್ಕೆ, ಮಣಿಪಾಲಕ್ಕೆ ಹೊರಡುವ ಮುಂಚೆ ಫೋನ್ ಮಾಡಿ "ಸೊಂಟ, ಬೆನ್ನು ಎರಡರದ್ದೂ ಡೆಕ್ಸಾ ಇದೆಯಾ?" ಅಂತ ಕೇಳಿಕೊಂಡು ಹೊರಡಿ.

ರಿಪೋರ್ಟಿನಲ್ಲಿ ಟಿ ಸ್ಕೋರ್ ನೋಡಿ. ಹರೆಯದವರ ಗಟ್ಟಿ ಮೂಳೆಗೆ ಹೋಲಿಸಿ ಕೊಡುವ ಅಂಕಿ ಅದು. ಮೈನಸ್ 1ರವರೆಗೆ ಸರಿ. ಮೈನಸ್ 1ರಿಂದ ಮೈನಸ್ 2.5ರ ನಡುವೆ ಇದ್ದರೆ ಮೂಳೆ ತೆಳ್ಳಗಾಗಿದೆ. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಇದ್ದರೆ ಆಸ್ಟಿಯೊಪೊರೋಸಿಸ್, ಅಂದರೆ ಸುಲಭವಾಗಿ ಮುರಿಯುವಷ್ಟು ಮೂಳೆ ಟೊಳ್ಳಾಗಿದೆ. ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಹಾಕಿದ ಗೆರೆ ಇದು. ಇನ್ನೂ ಮುಟ್ಟು ನಿಲ್ಲದ ಹೆಂಗಸರಿಗೆ, ಐವತ್ತರೊಳಗಿನ ಗಂಡಸರಿಗೆ ಇದು ಹೊಂದುವುದಿಲ್ಲ. ಅವರಿಗೆ ಝಡ್ ಸ್ಕೋರ್, ಅಂದರೆ ಅದೇ ವಯಸ್ಸಿನವರಿಗೆ ಹೋಲಿಸಿದ ಅಂಕಿ ನೋಡುತ್ತಾರೆ.

ಇಲ್ಲಿ ಎರಡು ಮೋಸಗಳಿವೆ. ವಯಸ್ಸಾದವರ ಬೆನ್ನಿನಲ್ಲಿ ಸವೆತದಿಂದ ಮೂಳೆ ಮುಳ್ಳಿನ ಹಾಗೆ ಬೆಳೆದಿರುತ್ತದೆ, ಕುಸಿದ ಮೂಳೆಯೂ ಒತ್ತಾಗಿ ಕಾಣುತ್ತದೆ. ಹಾಗಾಗಿ ಬೆನ್ನಿನ ಸ್ಕೋರ್ ಸುಳ್ಳೇ ಚೆನ್ನಾಗಿ ಬರಬಹುದು. ಆಗ ಸೊಂಟದ ಅಂಕಿ ನಂಬಿ. ಎರಡನೆಯದು ತಿರುವುಮುರುವು: ತೀರ ಸಣ್ಣ ಮೈಕಟ್ಟಿನವರಿಗೆ ಮೆಷಿನ್ ಸ್ವಲ್ಪ ಕಡಿಮೆಯೇ ತೋರಿಸುತ್ತದೆ.

ಹೆಜ್ಜೆ 3: ಬೇರೆ ಕಾಯಿಲೆ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ

ಬಹಳ ಜನ ಹಾರಿಬಿಡುವ ಹೆಜ್ಜೆ ಇದು. ಮಲೆನಾಡಿನವರು ಮಾತ್ರ ಹಾರಲೇಬಾರದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗುಂಬೆ, ಹೊಸನಗರ, ಸಾಗರದ ಕಡೆ ಬಿಸಿಲಿನ ಮುಖ ಕಾಣುವುದೇ ಕಷ್ಟ. ಉಳಿದ ದಿನಗಳಲ್ಲೂ ವಯಸ್ಸಾದ ಹೆಂಗಸರು ಅಡುಗೆಮನೆ, ಕೊಟ್ಟಿಗೆ, ತೋಟದ ನೆರಳು ಬಿಟ್ಟು ಆಚೆ ಬರುವುದು ಕಡಿಮೆ. ವಿಟಮಿನ್ ಡಿ ತೀರ ಕಡಿಮೆಯಾದರೆ ಮೂಳೆ ಮೆತ್ತಗಾಗುತ್ತದೆ. ಅದಕ್ಕೆ ಆಸ್ಟಿಯೊಮಲೇಶಿಯ ಅನ್ನುತ್ತಾರೆ. ಡೆಕ್ಸಾದಲ್ಲಿ ಅದೂ ಆಸ್ಟಿಯೊಪೊರೋಸಿಸ್ ಹಾಗೇ ಕಾಣುತ್ತದೆ. ಆದರೆ ಚಿಕಿತ್ಸೆ ಬೇರೆ. ಅಲ್ಲಿ ಬೇಕಾದದ್ದು ವಿಟಮಿನ್ ಡಿ ಮತ್ತು ಕ್ಯಾಲ್ಸಿಯಂ. ಅದನ್ನು ಸರಿ ಮಾಡದೆ ಝೊಲೆಡ್ರೊನಿಕ್ ಡ್ರಿಪ್ ಅಥವಾ ಡೆನೊಸುಮ್ಯಾಬ್ ಇಂಜೆಕ್ಷನ್ (ಇದೂ ಮೂಳೆ ಸವೆಯುವುದನ್ನು ತಡೆಯುವ ಔಷಧವೇ) ಕೊಟ್ಟರೆ ರಕ್ತದ ಕ್ಯಾಲ್ಸಿಯಂ ದಿಢೀರ್ ಅಂತ ಇಳಿದು ಕೈಕಾಲು ಸೆಟೆದುಕೊಳ್ಳಬಹುದು.

ವ್ಯತ್ಯಾಸ ಹೇಗೆ ಗೊತ್ತಾಗುತ್ತದೆ? ಆಸ್ಟಿಯೊಪೊರೋಸಿಸ್ ಮುರಿಯುವವರೆಗೆ ನೋಯುವುದಿಲ್ಲ. ಆಸ್ಟಿಯೊಮಲೇಶಿಯದಲ್ಲಿ ತೊಡೆ, ಪಕ್ಕೆ, ಮೊಣಕಾಲ ಕೆಳಗಿನ ಮೂಳೆ ಒತ್ತಿದರೆ ನೋವು. ನೆಲದಿಂದ ಏಳುವಾಗ ಕೈ ಊರಬೇಕು. ಮೆಟ್ಟಿಲು ಹತ್ತಲು ತ್ರಾಣ ಇರುವುದಿಲ್ಲ. ರಕ್ತದಲ್ಲಿ ಆಲ್ಕಲೈನ್ ಫಾಸ್ಫಟೇಸ್ ಹೆಚ್ಚಿರುತ್ತದೆ.

ಹಾಗಾಗಿ ಔಷಧಕ್ಕೆ ಮುಂಚೆ ಈ ರಕ್ತಪರೀಕ್ಷೆಗಳನ್ನು ಕೇಳಿ: ಕ್ಯಾಲ್ಸಿಯಂ, ಫಾಸ್ಫರಸ್, ಆಲ್ಕಲೈನ್ ಫಾಸ್ಫಟೇಸ್, ಕ್ರಿಯಾಟಿನಿನ್, ವಿಟಮಿನ್ ಡಿ, ಥೈರಾಯ್ಡ್, ಸಿಬಿಸಿ, ಇಎಸ್ಆರ್. ಕ್ಯಾಲ್ಸಿಯಂ ಏರುಪೇರಿದ್ದರೆ ಪಿಟಿಎಚ್ (ಕ್ಯಾಲ್ಸಿಯಂ ಹತೋಟಿಯಲ್ಲಿಡುವ ಹಾರ್ಮೋನ್). ರಕ್ತ ಕಡಿಮೆ, ಇಎಸ್ಆರ್ ಜಾಸ್ತಿ, ಬೆನ್ನು ಕುಸಿದಿದೆ ಅಂದರೆ ಮೈಲೋಮಾ ಅನ್ನುವ ಕ್ಯಾನ್ಸರ್ ಇಲ್ಲ ಅಂತ ನೋಡಲೇಬೇಕು.

ವಿಟಮಿನ್ ಡಿ ಕಡಿಮೆ ಬಂದರೆ ಸಾಮಾನ್ಯವಾಗಿ 60,000 ಯೂನಿಟ್‌ನ ಸ್ಯಾಶೆ ವಾರಕ್ಕೊಂದರಂತೆ 8 ವಾರ ಬರೆಯುತ್ತಾರೆ. ಆಮೇಲೆ ನಿಲ್ಲಿಸಬೇಕು ಅಥವಾ ತಿಂಗಳಿಗೊಂದು ಮಾಡಬೇಕು. ಹಳೆಯ ಚೀಟಿ ತೋರಿಸಿ ವರ್ಷಗಟ್ಟಲೆ ವಾರವಾರ ತಗೊಂಡರೆ ಅದೇ ವಿಷವಾಗುತ್ತದೆ.

ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಪ್ರೆಡ್ನಿಸೊಲೋನ್‌ನಂಥ ಸ್ಟೆರಾಯ್ಡ್ ದಿನಕ್ಕೆ 5 ಮಿಲಿಗ್ರಾಂ ಅಥವಾ ಹೆಚ್ಚು, ಮೂರು ತಿಂಗಳಿಂದ ತಿನ್ನುತ್ತಿದ್ದರೆ ಲೆಕ್ಕಾಚಾರವೇ ಬದಲಾಗುತ್ತದೆ. ಫಿಟ್ಸ್ ಮಾತ್ರೆ, ಸ್ತನ ಕ್ಯಾನ್ಸರ್ ಅಥವಾ ಪ್ರಾಸ್ಟೇಟ್ ಕ್ಯಾನ್ಸರಿನ ಹಾರ್ಮೋನ್ ಔಷಧ, ವರ್ಷಾನುಗಟ್ಟಲೆ ತಿಂದ ಗ್ಯಾಸ್ ಮಾತ್ರೆ, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಕೀಲುನೋವಿಗೆ ಅಂತ ಯಾರೋ ಕೊಟ್ಟ ಹೆಸರಿಲ್ಲದ ಪುಡಿ ಇದ್ದರೆ ಅದನ್ನೂ ತೋರಿಸಿ. ಅದರಲ್ಲಿ ಸ್ಟೆರಾಯ್ಡ್ ಬೆರೆಸಿರುವ ಸಾಧ್ಯತೆ ಇದೆ. 45ರೊಳಗೆ ಮುಟ್ಟು ನಿಂತಿದ್ದರೆ, ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆಸಿದ್ದರೆ, ಸಂಕೋಚ ಬೇಡ, ಹೇಳಿ. ಹಳೆಯ ಆಪರೇಷನ್ ಚೀಟಿ ಇದ್ದರೆ ಒಯ್ಯಿರಿ.

ಸಾಗರ ತಾಲ್ಲೂಕಿನ ಹಂದಿಗೋಡು ಕಾಯಿಲೆ ಇದಲ್ಲ. ಅದು ವಂಶದಲ್ಲಿ ಬರುವ, ಕೀಲು ಮತ್ತು ಬೆನ್ನುಮೂಳೆಯ ಬೆಳವಣಿಗೆಯನ್ನೇ ಕೆಡಿಸುವ ಕಾಯಿಲೆ. ಮಂಡಿ ಸವೆತವೂ ಬೇರೆ. ಈ ಔಷಧಗಳಿಂದ ಮಂಡಿ ನೋವು ಹೋಗುವುದಿಲ್ಲ.

ಹೆಜ್ಜೆ 4: ಗೆರೆಯ ಯಾವ ಕಡೆ ಇದ್ದೀರಿ?

ಮೂಳೆ ಮುರಿದಿಲ್ಲ, ಟಿ ಸ್ಕೋರ್ ಮೈನಸ್ 2.5 ಅಥವಾ ಕೆಳಗೆ ಇದೆ: ಮುಟ್ಟು ನಿಂತ ಹೆಂಗಸರು, ಐವತ್ತು ದಾಟಿದ ಗಂಡಸರು ಔಷಧ ಶುರು ಮಾಡುವುದು ಸರಿ.

ಗೊಂದಲ ಇರುವುದು ನಡುವಿನವರಿಗೆ, ಅಂದರೆ ಸ್ಕೋರ್ ಮೈನಸ್ 1ರಿಂದ ಮೈನಸ್ 2.5ರ ನಡುವೆ ಇರುವವರಿಗೆ. ಅವರಿಗೆ ಫ್ರ್ಯಾಕ್ಸ್ ಅನ್ನುವ ಲೆಕ್ಕ ಇದೆ. ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದವರು 2008ರಲ್ಲಿ ಹೊರತಂದದ್ದು. ಇಂಟರ್‌ನೆಟ್‌ನಲ್ಲಿ ಉಚಿತ. ದೇಶ ಆರಿಸುವಲ್ಲಿ ಭಾರತ ಆರಿಸಿ. ವಯಸ್ಸು, ತೂಕ, ಎತ್ತರ, ಹಿಂದೆ ಮೂಳೆ ಮುರಿದದ್ದು, ಅಪ್ಪ ಅಥವಾ ಅಮ್ಮನಿಗೆ ಸೊಂಟ ಮುರಿದದ್ದು, ಬೀಡಿ ಸಿಗರೇಟು, ಸ್ಟೆರಾಯ್ಡ್ ಇವನ್ನೆಲ್ಲ ಕೇಳಿ, ಮುಂದಿನ 10 ವರ್ಷದಲ್ಲಿ ಮೂಳೆ ಮುರಿಯುವ ಸಾಧ್ಯತೆ ಶೇಕಡಾ ಎಷ್ಟು ಅಂತ ಹೇಳುತ್ತದೆ. ಸೊಂಟಕ್ಕೆ ಶೇ. 3, ಒಟ್ಟು ದೊಡ್ಡ ಮುರಿತಗಳಿಗೆ ಶೇ. 20 ದಾಟಿದರೆ ಔಷಧ ಅನ್ನುವುದು ಅಮೆರಿಕದವರ ಗೆರೆ. ನಮ್ಮ ಡಾಕ್ಟರೂ ಅದನ್ನು ನೋಡುತ್ತಾರೆ, ಆದರೆ ಅದೊಂದನ್ನೇ ನಂಬಿ ಕೂರಬಾರದು. ಈ ಲೆಕ್ಕ ವರ್ಷಕ್ಕೆ ಎಷ್ಟು ಸಲ ಬಿದ್ದಿರಿ ಅಂತ ಕೇಳುವುದೇ ಇಲ್ಲ! ಒಂದು ಮುರಿದದ್ದೂ ಮೂರು ಮುರಿದದ್ದೂ ಅದಕ್ಕೆ ಒಂದೇ. ಸಕ್ಕರೆ ಕಾಯಿಲೆ ಇದ್ದವರ ಅಪಾಯವನ್ನು ಅದು ಕಡಿಮೆ ತೋರಿಸುತ್ತದೆ. ಸಂಕ ದಾಟಿ, ಜಾರುವ ದರೆ ಇಳಿದು ದಿನಾ ತೋಟಕ್ಕೆ ಹೋಗುವ, ಸಕ್ಕರೆ ಕಾಯಿಲೆ ಇರುವ, ಕಣ್ಣಿನ ಪೊರೆ ತೆಗೆಸದ ಅಜ್ಜಿಗೆ ಫ್ರ್ಯಾಕ್ಸ್ ಹೇಳುವುದಕ್ಕಿಂತ ಅಪಾಯ ಜಾಸ್ತಿಯೇ.

ಕೆಲವು ಕಾಲ್ಪನಿಕ ಉದಾಹರಣೆ ನೋಡೋಣ. 58 ವರ್ಷ, ಸ್ಕೋರ್ ಮೈನಸ್ 1.8, ಏನೂ ಮುರಿದಿಲ್ಲ, ಸ್ಟೆರಾಯ್ಡ್ ಇಲ್ಲ, ಚುರುಕಾಗಿ ಓಡಾಡುತ್ತಾರೆ. ಇವರಿಗೆ ಈಗಲೇ ಔಷಧ ಬೇಡ. ಊಟ, ನಡಿಗೆ, ವಿಟಮಿನ್ ಡಿ ನೋಡಿಕೊಂಡು ಕೆಲವು ವರ್ಷ ಬಿಟ್ಟು ಮತ್ತೆ ಸ್ಕ್ಯಾನ್. 70 ವರ್ಷ, ಸ್ಕೋರ್ ಮೈನಸ್ 2.0, ಎಕ್ಸ್‌ರೇಯಲ್ಲಿ ಬೆನ್ನುಮೂಳೆ ಒಂದು ಕುಸಿದಿದೆ. "ಸ್ಕೋರ್ ಇನ್ನೂ ಗೆರೆ ದಾಟಿಲ್ಲ" ಅಂತ ಕಾಯುವಂತಿಲ್ಲ, ಶುರು ಮಾಡಬೇಕು. 74 ವರ್ಷ, ಸ್ಕೋರ್ ಮೈನಸ್ 3.4, ಬೆನ್ನಲ್ಲಿ ಎರಡು ಕುಸಿತ, ಒಂದು ಆರು ತಿಂಗಳ ಹಿಂದಿನದು. ಇವರಿಗೆ ಬರೀ ವಾರದ ಮಾತ್ರೆ ಸಾಕಾ ಅನ್ನುವುದೇ ಪ್ರಶ್ನೆ.

ಹೆಜ್ಜೆ 5: ಯಾವ ಔಷಧ ಮೊದಲು?

ಮೂಳೆ ಅಂದರೆ ಒಂದು ಕಡೆ ಕೆಡವುತ್ತ ಇನ್ನೊಂದು ಕಡೆ ಕಟ್ಟುತ್ತ ಇರುವ ಮನೆ. ವಯಸ್ಸಾದ ಮೇಲೆ ಕೆಡವುವವರ ಕೈ ಮೇಲಾಗುತ್ತದೆ. ಔಷಧಗಳಲ್ಲಿ ಎರಡು ಬಗೆ: ಕೆಡವುವುದನ್ನು ತಡೆಯುವವು, ಹೊಸದಾಗಿ ಕಟ್ಟುವವು.

ತಡೆಯುವವು ಇವು. ಅಲೆಂಡ್ರೊನೇಟ್ 70 ಮಿಲಿಗ್ರಾಂ, ವಾರಕ್ಕೊಂದು ಮಾತ್ರೆ. ರೈಸೆಡ್ರೊನೇಟ್, ವಾರಕ್ಕೆ ಅಥವಾ ತಿಂಗಳಿಗೆ. ಝೊಲೆಡ್ರೊನಿಕ್ ಆ್ಯಸಿಡ್ 5 ಮಿಲಿಗ್ರಾಂ, ವರ್ಷಕ್ಕೊಂದು ಡ್ರಿಪ್. ಡೆನೊಸುಮ್ಯಾಬ್ 60 ಮಿಲಿಗ್ರಾಂ, ಆರು ತಿಂಗಳಿಗೊಂದು ಚರ್ಮದಡಿ ಇಂಜೆಕ್ಷನ್. ಬಹುಪಾಲು ಜನರಿಗೆ ಇವೇ ಸಾಕು. ಝೊಲೆಡ್ರೊನಿಕ್‌ನಿಂದ ಮೂರು ವರ್ಷದಲ್ಲಿ ಬೆನ್ನುಮೂಳೆ ಮುರಿತ ಶೇ. 70ರಷ್ಟು, ಸೊಂಟದ ಮುರಿತ ಶೇ. 41ರಷ್ಟು ಇಳಿದದ್ದು ದೊಡ್ಡ ಅಧ್ಯಯನದಲ್ಲಿ ಕಂಡಿದೆ.

ಕಟ್ಟುವವುಗಳಲ್ಲಿ ನಮ್ಮಲ್ಲಿ ಹೆಚ್ಚಾಗಿ ಬಳಸುವುದು ಟೆರಿಪ್ಯಾರಟೈಡ್. ದಿನಕ್ಕೆ 20 ಮೈಕ್ರೋಗ್ರಾಂ, ಹೊಟ್ಟೆ ಅಥವಾ ತೊಡೆಗೆ ಚುಚ್ಚಿಕೊಳ್ಳುವ ಪೆನ್, ಹೆಚ್ಚೆಂದರೆ ಎರಡು ವರ್ಷ. ಇನ್ನೊಂದು ರೊಮೊಸೊಝುಮ್ಯಾಬ್, ತಿಂಗಳಿಗೊಮ್ಮೆಯಂತೆ ಒಂದು ವರ್ಷ. ಒಂದು ವರ್ಷದ ಒಳಗೆ ಹೃದಯಾಘಾತ ಅಥವಾ ಲಕ್ವ ಆಗಿದ್ದವರಿಗೆ ಅದನ್ನು ಕೊಡುವುದಿಲ್ಲ.

ಇವು ಯಾರಿಗೆ ಮೊದಲೇ ಬೇಕು? ಕಳೆದ ಒಂದು ವರ್ಷದಲ್ಲಿ ಮೂಳೆ ಮುರಿದವರಿಗೆ, ಒಂದಕ್ಕಿಂತ ಹೆಚ್ಚು ಮುರಿದವರಿಗೆ, ಸ್ಕೋರ್ ಮೈನಸ್ 3ಕ್ಕಿಂತ ಕೆಳಗಿರುವವರಿಗೆ, ಮಾತ್ರೆ ಸರಿಯಾಗಿ ತಗೊಳ್ಳುತ್ತಿದ್ದರೂ ಮುರಿದವರಿಗೆ. 2018ರಲ್ಲಿ ಪ್ರಕಟವಾದ ವೆರೋ ಅಧ್ಯಯನದಲ್ಲಿ ತೀವ್ರ ಆಸ್ಟಿಯೊಪೊರೋಸಿಸ್ ಇದ್ದ ಹೆಂಗಸರಿಗೆ ಟೆರಿಪ್ಯಾರಟೈಡ್ ಮತ್ತು ರೈಸೆಡ್ರೊನೇಟ್ ಹೋಲಿಸಿದರು. ಎರಡು ವರ್ಷದಲ್ಲಿ ಹೊಸದಾಗಿ ಬೆನ್ನುಮೂಳೆ ಮುರಿದದ್ದು ಮೊದಲನೆಯದರಲ್ಲಿ ಶೇ. 5.4, ಎರಡನೆಯದರಲ್ಲಿ ಶೇ. 12.

"ಮೊದಲು ಕಡಿಮೆ ದುಡ್ಡಿನದು ನೋಡೋಣ, ಆಗದಿದ್ದರೆ ಇಂಜೆಕ್ಷನ್" ಅನ್ನುವ ಮಾತು ಎಲ್ಲ ಮನೆಯಲ್ಲೂ ಬರುತ್ತದೆ. ಕಡಿಮೆ ಅಪಾಯದವರಿಗೆ ಅದು ಸರಿ. ಆದರೆ ಆ 74ರ ಅಜ್ಜಿಗೆ ಕ್ರಮ ಉಲ್ಟಾ ಇರಬೇಕು: ಮೊದಲು ಕಟ್ಟಿ, ಆಮೇಲೆ ಕಾಯ್ದುಕೊಳ್ಳಿ. ತಡೆಯುವ ಔಷಧ ವರ್ಷಗಟ್ಟಲೆ ತಿಂದ ಮೇಲೆ ಕಟ್ಟುವ ಔಷಧದ ಕೆಲಸ ನಿಧಾನವಾಗುತ್ತದೆ. ಡೆನೊಸುಮ್ಯಾಬ್ ನಿಲ್ಲಿಸಿ ನೇರ ಟೆರಿಪ್ಯಾರಟೈಡ್‌ಗೆ ಬಂದರಂತೂ ಸ್ವಲ್ಪ ಕಾಲ ಮೂಳೆ ಇನ್ನೂ ಕಳೆದುಹೋಗುತ್ತದೆ. ಖರ್ಚಿನ ವಿಷಯದಲ್ಲಿ, ಟೆರಿಪ್ಯಾರಟೈಡ್‌ಗೆ ತಿಂಗಳಿಗೆ ಕೆಲವು ಸಾವಿರ ರೂಪಾಯಿ ಬೀಳುತ್ತದೆ. ಕಂಪನಿಯಿಂದ ಕಂಪನಿಗೆ ಬೆಲೆ ತುಂಬಾ ವ್ಯತ್ಯಾಸ. ಎರಡು ಮೂರು ಮೆಡಿಕಲ್ ಶಾಪ್‌ನಲ್ಲಿ ವಿಚಾರಿಸಿ. ಪೂರ್ತಿ ಅವಧಿಯ ದುಡ್ಡು ಹೊಂದಿಸಲು ಆಗುವುದಿಲ್ಲ ಅಂದರೆ ಅದನ್ನು ಡಾಕ್ಟರಿಗೆ ಮೊದಲೇ ಹೇಳಿ. ಮೂರು ತಿಂಗಳು ಚುಚ್ಚಿಕೊಂಡು ಬಿಡುವುದಕ್ಕಿಂತ ವರ್ಷಕ್ಕೊಂದು ಡ್ರಿಪ್ ಎಷ್ಟೋ ವಾಸಿ.

ಮೂಳೆಗೆ ಹಿಂದೆ ರೇಡಿಯೇಷನ್ ಕೊಟ್ಟಿದ್ದರೆ, ಮೂಳೆಯಲ್ಲಿ ಕ್ಯಾನ್ಸರ್ ಇದ್ದರೆ, ಕ್ಯಾಲ್ಸಿಯಂ ಜಾಸ್ತಿ ಇದ್ದರೆ, ಕಾರಣ ಗೊತ್ತಿಲ್ಲದೆ ಆಲ್ಕಲೈನ್ ಫಾಸ್ಫಟೇಸ್ ಏರಿದ್ದರೆ ಟೆರಿಪ್ಯಾರಟೈಡ್ ಬೇಡ. ಮೂತ್ರಪಿಂಡದ ಕೆಲಸದ ಅಂಕಿ (ಕ್ರಿಯಾಟಿನಿನ್‌ನಿಂದ ಲೆಕ್ಕ ಹಾಕುವ ಜಿಎಫ್‌ಆರ್) 35ಕ್ಕಿಂತ ಕಡಿಮೆ ಇದ್ದರೆ ಅಲೆಂಡ್ರೊನೇಟ್ ಮತ್ತು ಝೊಲೆಡ್ರೊನಿಕ್ ಬೇಡ.

ಹೆಜ್ಜೆ 6: ಮನೆ ಸಿದ್ಧವಾಗಿದೆಯಾ?

ಅಲೆಂಡ್ರೊನೇಟ್ ತಗೊಳ್ಳುವ ದಿನ ಬೆಳಗಿನ ಕಾಫಿ ತಡವಾಗುತ್ತದೆ. ಮಲೆನಾಡಿನಲ್ಲಿ ಇದೇ ದೊಡ್ಡ ತ್ಯಾಗ! ಎದ್ದ ಕೂಡಲೇ ಖಾಲಿ ಹೊಟ್ಟೆಗೆ, ಒಂದು ದೊಡ್ಡ ಲೋಟ ಸಾದಾ ನೀರಿನ ಜೊತೆ ನುಂಗಬೇಕು. ಆಮೇಲೆ ಅರ್ಧ ಗಂಟೆ ಮಲಗುವಂತಿಲ್ಲ, ಏನೂ ತಿನ್ನುವಂತಿಲ್ಲ, ಕುಡಿಯುವಂತಿಲ್ಲ. ಕಾಫಿ ಜೊತೆ ತಗೊಂಡರೆ ಮೈಗೆ ಸೇರುವುದು ಅರ್ಧಕ್ಕಿಂತ ಕಡಿಮೆ. ಕಷಾಯ, ಹಾಲು, ಕ್ಯಾಲ್ಸಿಯಂ ಮಾತ್ರೆ ಯಾವುದೂ ಜೊತೆಗೆ ಬೇಡ. ಥೈರಾಯ್ಡ್ ಮಾತ್ರೆಯೂ ಬೆಳಿಗ್ಗೆಯೇ ಇದ್ದರೆ ಆ ದಿನ ಯಾವುದು ಯಾವಾಗ ಅಂತ ಬರೆಸಿಕೊಳ್ಳಿ. ಅನ್ನನಾಳದ ತೊಂದರೆ ಇದ್ದವರಿಗೆ, ಅರ್ಧ ಗಂಟೆ ಕೂರಲು ಆಗದವರಿಗೆ ಈ ಮಾತ್ರೆ ಹೊಂದುವುದಿಲ್ಲ.

ಟೆರಿಪ್ಯಾರಟೈಡ್ ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿರಬೇಕು. ಫ್ರೀಜರ್ ಗೋಡೆಗೆ ತಾಗಬಾರದು. ಮಳೆಗಾಲದಲ್ಲಿ ಮರ ಬಿದ್ದು ಎರಡು ಮೂರು ದಿನ ಕರೆಂಟ್ ಇಲ್ಲದ ಊರಾದರೆ ಇದನ್ನು ಮೊದಲೇ ಯೋಚಿಸಿ. ಪೇಟೆಯಲ್ಲಿ ಜನರೇಟರ್ ಅಥವಾ ಯುಪಿಎಸ್ ಇರುವ ನೆಂಟರ ಮನೆಯಲ್ಲಿ ಉಳಿದ ಪೆನ್‌ಗಳನ್ನು ಇಟ್ಟು ಒಂದೊಂದೇ ತರಬಹುದು. ಅಂಗಡಿಯಿಂದ ತರುವಾಗ ಐಸ್ ಪ್ಯಾಕ್ ಕೇಳಿ, ಬಸ್ಸಿನಲ್ಲಿ ಮೂರು ಗಂಟೆ ಹಾಗೇ ತರಬೇಡಿ. ಮೊದಲ ಕೆಲವು ದಿನ ಚುಚ್ಚಿಕೊಂಡ ಮೇಲೆ ತಲೆ ತಿರುಗಬಹುದು. ಮಂಚದ ಮೇಲೆ ಕೂತೇ ಚುಚ್ಚಿಕೊಳ್ಳಿ.

ಝೊಲೆಡ್ರೊನಿಕ್ ಡ್ರಿಪ್‌ಗೆ ಮುಂಚೆ ಚೆನ್ನಾಗಿ ನೀರು ಕುಡಿಯಬೇಕು. ಮೊದಲ ಸಲ ಜ್ವರ, ಮೈಕೈ ನೋವು ಬರುವುದು ಸಾಮಾನ್ಯ. ಪ್ಯಾರಾಸಿಟಮಾಲ್ ಸಾಕು, ಮೂರು ದಿನದಲ್ಲಿ ಇಳಿಯುತ್ತದೆ. ಇಳಿಯದಿದ್ದರೆ "ಡ್ರಿಪ್‌ದೇ ಜ್ವರ" ಅಂತ ಕೂರಬೇಡಿ. ಮಳೆಗಾಲದಲ್ಲಿ ಡೆಂಗಿ, ಇಲಿಜ್ವರ, ಬೇಸಿಗೆಯಲ್ಲಿ ಮಂಗನ ಕಾಯಿಲೆ ಇರುವ ಸೀಮೆ ನಮ್ಮದು. ರಕ್ತ ಪರೀಕ್ಷೆ ಮಾಡಿಸಿ.

ಹಲ್ಲು ತೋರಿಸಿಕೊಳ್ಳಿ. ಈ ಔಷಧಗಳಿಂದ ದವಡೆ ಮೂಳೆ ಕೊಳೆಯುವುದು ಬಹಳ ಅಪರೂಪ. ಆದರೂ ಎಲೆ ಅಡಿಕೆ ತಂಬಾಕು ಹಾಕಿ ಹಾಕಿ ಹಲ್ಲು ಅಲ್ಲಾಡುತ್ತಿದ್ದರೆ, ಕೀಳಿಸುವುದಿದ್ದರೆ, ಡ್ರಿಪ್ ಅಥವಾ ಡೆನೊಸುಮ್ಯಾಬ್‌ಗೆ ಮುಂಚೆಯೇ ಕೀಳಿಸಿ ಗಾಯ ಮಾಯಲಿ. ಸೊಂಟ ಈಗಷ್ಟೇ ಮುರಿದವರು ಮಾತ್ರ ಹಲ್ಲಿನ ನೆಪದಲ್ಲಿ ತಿಂಗಳುಗಟ್ಟಲೆ ತಳ್ಳಬಾರದು.

ಊಟದಲ್ಲಿ ದಿನಕ್ಕೆ 1000ದಿಂದ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಎರಡು ಹೊತ್ತೂ ಅನ್ನವೇ ಆದರೆ ಕಷ್ಟ. 100 ಗ್ರಾಂ ರಾಗಿಯಲ್ಲಿ ಸುಮಾರು 360, 100 ಮಿಲಿಲೀಟರ್ ಹಾಲಿನಲ್ಲಿ ಸುಮಾರು 120 ಮಿಲಿಗ್ರಾಂ ಇದೆ. ರಾಗಿ ಅಂಬಲಿ, ಮೊಸರು, ಮುಳ್ಳು ಸಮೇತ ತಿನ್ನುವ ಸಣ್ಣ ಮೀನು ಸೇರಿಸಿ, ಕೊರತೆಯಾದಷ್ಟಕ್ಕೆ ಮಾತ್ರ ಮಾತ್ರೆ.

ಹೆಜ್ಜೆ 7: ಶುರು ಮಾಡುವ ದಿನವೇ ಕೊನೆಯನ್ನೂ ಬರೆಸಿಕೊಳ್ಳಿ

ಅಲೆಂಡ್ರೊನೇಟ್ ಸುಮಾರು 5 ವರ್ಷ, ಝೊಲೆಡ್ರೊನಿಕ್ 3 ವರ್ಷ ಆದ ಮೇಲೆ ಅಪಾಯ ಇಳಿದಿದ್ದರೆ ಸ್ವಲ್ಪ ಕಾಲ ಬಿಡುವು ಕೊಡಬಹುದು. ಇವು ಮೂಳೆಯೊಳಗೆ ಕೂತಿರುತ್ತವೆ, ಪರಿಣಾಮ ಮುಂದುವರಿಯುತ್ತದೆ. ಟೆರಿಪ್ಯಾರಟೈಡ್‌ಗೆ ಬಿಡುವಿಲ್ಲ. ಮುಗಿದ ಕೂಡಲೇ ತಡೆಯುವ ಔಷಧ ಶುರುವಾಗಬೇಕು, ಇಲ್ಲದಿದ್ದರೆ ಗಳಿಸಿದ್ದು ಒಂದೆರಡು ವರ್ಷದಲ್ಲಿ ಕರಗುತ್ತದೆ.

ಡೆನೊಸುಮ್ಯಾಬ್ ವಿಷಯದಲ್ಲಿ ಇನ್ನೂ ಬಿಗಿ. ಅದನ್ನು ತಡ ಮಾಡಿದರೆ ಅಥವಾ ಸುಮ್ನೆ ಬಿಟ್ಟರೆ ಬೆನ್ನುಮೂಳೆಗಳು ಒಂದಾದ ಮೇಲೊಂದು ಕುಸಿಯುವ ಅಪಾಯ ಇದೆ. ಘಾಟಿ ಬಂದ್, ಮಗ ಬೆಂಗಳೂರಿನಲ್ಲಿ, ಕೊಯ್ಲಿನ ಗಡಿಬಿಡಿ, ಯಾವ ಕಾರಣಕ್ಕೂ ಏಳನೇ ತಿಂಗಳು ದಾಟಬಾರದು. ಆರು ತಿಂಗಳಿಗೊಮ್ಮೆ ಕರೆದುಕೊಂಡು ಹೋಗುವವರು ಖಾತ್ರಿ ಇಲ್ಲದ ಮನೆಗೆ ನಾನು ಇದನ್ನು ಆರಿಸುವುದಿಲ್ಲ.

ಒಂದೆರಡು ವರ್ಷ ಬಿಟ್ಟು ಡೆಕ್ಸಾ ಮತ್ತೆ ಮಾಡಿಸಿ, ಆದಷ್ಟೂ ಅದೇ ಮೆಷಿನ್‌ನಲ್ಲಿ. ಬೇರೆ ಬೇರೆ ಮೆಷಿನ್ನಿನ ಅಂಕಿ ಹೋಲಿಸಿದರೆ ಏರಿತೋ ಇಳಿಯಿತೋ ತಿಳಿಯುವುದಿಲ್ಲ. ಸ್ಕೋರ್ ಏರದೆ ಅಲ್ಲೇ ನಿಂತರೂ ಔಷಧ ಕೆಲಸ ಮಾಡುತ್ತಿದೆ ಅಂತಲೇ ಅರ್ಥ. ಮತ್ತೆ ಮುರಿದರೆ, ಅಥವಾ ಅಂಕಿ ಚೆನ್ನಾಗಿ ಕುಸಿದರೆ, ಮೊದಲು ಮಾತ್ರೆ ನಿಜಕ್ಕೂ ನುಂಗುತ್ತಿದ್ದಾರಾ ನೋಡಿ. ಆಮೇಲೆ ಮೂರನೇ ಹೆಜ್ಜೆಯ ಪರೀಕ್ಷೆಗಳು ಇನ್ನೊಮ್ಮೆ.

ಅಲೆಂಡ್ರೊನೇಟ್, ಝೊಲೆಡ್ರೊನಿಕ್, ಡೆನೊಸುಮ್ಯಾಬ್ ಇವುಗಳಲ್ಲಿ ಯಾವುದನ್ನಾದರೂ ವರ್ಷಗಳಿಂದ ತಗೊಳ್ಳುತ್ತಿರುವವರಿಗೆ ಬೀಳದೆಯೂ ತೊಡೆ ಅಥವಾ ತೊಡೆಸಂದಿಯಲ್ಲಿ ಹೊಸ ನೋವು ಬಂದರೆ ಎಣ್ಣೆ ತಿಕ್ಕಿ ಕಾಯಬೇಡಿ. ಅಪರೂಪಕ್ಕೆ ತೊಡೆಮೂಳೆ ಬಿರುಕು ಬಿಡುವುದುಂಟು. ಎರಡೂ ತೊಡೆಯ ಎಕ್ಸ್‌ರೇ ತೆಗೆಸಿ, ಅಲ್ಲಿಯವರೆಗೆ ಆ ಕಾಲಿನ ಮೇಲೆ ಭಾರ ಹಾಕುವುದು ಬೇಡ.